ಊಟದ ಮೇಜಿನ ಮೇಲೆ ಎರಡು ಪ್ರೊಸೆಸರ್

ಮಾರ್ಚ್ ೩

ಇವತ್ತೂ ಕಂಪ್ಯೂಟರ್ ಸಿಗಲಿಲ್ಲ. ಮನೆಯಲ್ಲಿ ಎರಡಿವೆ, ಎರಡೂ ಹೊಸವು. ಊಟದ ಮೇಜಿನ ಮೇಲೆ ಅಕ್ಕಪಕ್ಕ ಕೂತಿವೆ, ಮುಚ್ಚಳ ಬಿಚ್ಚಿಕೊಂಡು. ನಾವು ತಟ್ಟೆ ಹಿಡಿದು ಸೋಫಾದಲ್ಲಿ.

ಹಳೆಯದು ಕೈಕೊಟ್ಟ ದಿನ ಸುಮ್ಮನೆ ಅಂಗಡಿಗೆ ಹೋಗಬೇಕಿತ್ತು. ಕಂಪ್ಯೂಟರಿನ ಮಿದುಳು, ಆ ಪ್ರೊಸೆಸರ್, ಯಾವುದು ಒಳ್ಳೇದು ಅಂತ ತಮ್ಮನನ್ನೂ ಕೇಳಿದೆ, ಮೈದುನನನ್ನೂ ಕೇಳಿದೆ. ಒಬ್ಬ ಒಂದು ಕಂಪನಿ ಅಂದ, ಇನ್ನೊಬ್ಬ ಅದರ ಎದುರಾಳಿ ಅಂದ. ಅಂಗಡಿಯವರು ಗುರುತಿನವರು — "ಎರಡೂ ಒಯ್ದು ನೋಡಿ, ಬೇಡದ್ದು ವಾಪಸ್ ಕೊಡಿ" ಅಂದ್ರು. ಅವರಿಗೇನು ಗೊತ್ತು, ಪಾಪ. ಇಬ್ಬರೂ ಬಿಡಿಭಾಗ ತಂದು ತಾವೇ ಒಂದೊಂದು ಜೋಡಿಸಿ ಕೂತರು.

ಮಾರ್ಚ್ ೪

ಯಾರದು ಜೋರು ಅಂತ ಬರೀ ಟೆಸ್ಟು, ಟೆಸ್ಟು, ಟೆಸ್ಟು. ಸ್ಕೋರೆಲ್ಲ ನನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ. ತಮ್ಮನದು ಸೋಲ್ತಿದೆ. ಶುರುವಲ್ಲಿ ಜೋರು, ಆಮೇಲೆ ಕುಂಟು.

"ಅಕ್ಕಾ, ಫ್ಯಾನ್ ಗಾಳಿ ಅವನ ಕಡೆನೇ ಬೀಸ್ತಿದೆ. ಅದಕ್ಕೇ!"

"ಅತ್ತಿಗೆ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ನನ್ನವರಿಗೆ ಹೇಳಿದೆ. "ಇಬ್ರಿಗೂ ಬೇಜಾರಾಗದ ಹಾಗೆ ನೋಡ್ಕೋ" ಅಂತ ಪೇಪರ್ ಎತ್ತಿಕೊಂಡ್ರು. ನನಗೆ ಬೇಜಾರಾದ್ರೆ? ಅದಕ್ಕೆ ಯಾವ ಸ್ಕೋರೂ ಇಲ್ಲ.

ಮಾರ್ಚ್ ೮

ಬಿಲ್ಡರ್ ಫೋನ್ ಮಾಡಿದ್ರು. ಅವರ ಅಪಾರ್ಟ್‌ಮೆಂಟ್ ಇನ್ನೂ ಕಟ್ಟೇ ಇಲ್ಲ. ಒಳಗೆಲ್ಲ ಓಡಾಡಿ ಬಂದ ಹಾಗೆ ತೋರಿಸೋ ಫಿಲ್ಮ್ ನಾನು ಮಾಡಿಕೊಡಬೇಕು. ನನ್ನ ಕೆಲಸ ಎಲ್ಲ ಮುಗಿದಿದೆ. ರೆಂಡರ್ ಒಂದೇ ಬಾಕಿ — ಕಂಪ್ಯೂಟರ್ ಕೂತು ಒಂದೊಂದೇ ಚಿತ್ರ ಮೂಡಿಸಬೇಕು. ಕಂಪ್ಯೂಟರ್!

"ಹದಿಮೂರಕ್ಕೆ ಬರದಿದ್ರೆ ನಿಮ್ಮ ಹಳೇ ಸ್ಟುಡಿಯೋಗೇ ಕೊಟ್ಬಿಡ್ತೀನಿ ಮೇಡಂ."

ಹಳೇ ಸ್ಟುಡಿಯೋ. ಎಂಟು ವರ್ಷ ಅಲ್ಲಿ ಗೋಡೆ ಎಬ್ಬಿಸಿದ್ದು ನಾನು, ಕಿಟಕಿಗೆ ಬಿಸಿಲು ತಂದಿದ್ದು ನಾನು. ಫಿಲ್ಮಿನ ಕೊನೆಯಲ್ಲಿ ಬರ್ತಿದ್ದಿದ್ದು ಸ್ಟುಡಿಯೋ ಯಜಮಾನನ ಹೆಸರು. ನನ್ನ ಹೆಸರು ಬರೋ ಮೊದಲನೇ ಫಿಲ್ಮ್ ಇದು. ಇದೂ ಅವನ ಕೈಗೆ ಹೋಗಬೇಕಾ? ಪ್ರಾಣ ಹೋದರೂ ಬಿಡಲ್ಲ.

ಮೇಜಿನ ಹತ್ತಿರ ಹೋದೆ. "ಅತ್ತಿಗೆ, ಮುಟ್ಟಬೇಡಿ! ಟೆಸ್ಟ್ ನಡೀತಿದೆ!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯ್ತು ನನ್ನ ಪಾಡು.

ಮಾರ್ಚ್ ೧೦

ಹಲ್ಲುಜ್ಜುವಾಗ ಹೊಳೀತು. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಮೂರನೆಯವಳು ನಾನೇ ಇದ್ದೀನಲ್ಲ!

"ಆಟದ ಟೆಸ್ಟೆಲ್ಲ ಮಕ್ಕಳಿಗೆ. ತಾಕತ್ತಿದ್ರೆ ಇದನ್ನ ರೆಂಡರ್ ಮಾಡಿ ತೋರಿಸಿ" ಅಂದೆ. ಫಿಲ್ಮನ್ನ ಎರಡು ಪಾಲು ಮಾಡಿ ಕೊಟ್ಟೆ. ಹಾಲ್, ಅಡುಗೆಮನೆ ಮೈದುನನಿಗೆ. ಮಲಗೋ ಕೋಣೆ, ಬಾಲ್ಕನಿ, ಕೊನೆಗೆ ನನ್ನ ಹೆಸರು — ತಮ್ಮನಿಗೆ. ಎರಡೂ ಒಂದೇ ತೂಕ ಅಂತ ಆಣೆ ಇಟ್ಟೆ. ಹೆಚ್ಚುಕಮ್ಮಿ ನಿಜವೇ.

ಇಬ್ಬರೂ ತೋಳೇರಿಸಿದ್ರು. ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಕುಡಿದೆ. ಎಷ್ಟು ದಿನ ಆಗಿತ್ತು.

ಮಾರ್ಚ್ ೧೨, ಮಧ್ಯಾಹ್ನ

ನನ್ನ ಜಾಣತನಕ್ಕೆ ಬೆಂಕಿ ಬೀಳ. ಮೈದುನನ ಪಾಲು ನಿನ್ನೆಯೇ ಮುಗೀತು. ಗೆದ್ದ ಖುಷಿಗೆ ಅವನ ಮೆಷಿನ್ ಹೊತ್ತುಕೊಂಡು ಸ್ನೇಹಿತರಿಗೆ ತೋರಿಸೋಕೆ ಹೋಗಿದ್ದಾನೆ, ಫೋನ್ ಎತ್ತಲ್ಲ. ತಮ್ಮನದು ಅರ್ಧಕ್ಕೂ ಬಂದಿಲ್ಲ. ನಾಳೆ ಕೊಡಬೇಕು!

ಅವನ ಮೆಷಿನ್ ಹತ್ತಿರ ಕೈ ಹಿಡಿದೆ. ಅಬ್ಬಾ, ಇಸ್ತ್ರಿಪೆಟ್ಟಿಗೆ. "ಪ್ರೊಸೆಸರ್ ಮೇಲೆ ಕೂತು ತಣ್ಣಗಿಡೋ ಆ ಕೂಲರ್ ಬಿಚ್ಚು" ಅಂದೆ. "ಬೇಡಕ್ಕಾ, ನಾನೇ ಜೋಡ್ಸಿದ್ದು, ಎಲ್ಲ ಸರಿಯಿದೆ..." "ಬಿಚ್ಚೋ ಅಂದೆ!"

ಬಿಚ್ಚಿದ. ಕೂಲರ್ ತಳದಲ್ಲಿ ಪ್ಲಾಸ್ಟಿಕ್ ಹಾಳೆ. ಜೋಡಿಸೋ ಮುಂಚೆ ಕಿತ್ತು ಬಿಸಾಡಬೇಕಾದ್ದು. ಹಾಗಂತ ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ ಬೇರೆ. ಇಷ್ಟು ದಿನ ಪಾಪದ ಪ್ರೊಸೆಸರ್ ಕಂಬಳಿ ಹೊದ್ದುಕೊಂಡು ಓಡಿದೆ.

ತಮ್ಮನ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗ. "ಅಕ್ಕಾ... ಅವನಿಗೆ ಮಾತ್ರ ಹೇಳ್ಬೇಡ. ಜನ್ಮದಲ್ಲಿ ಬಿಡಲ್ಲ ಅವ್ನು."

ಬೈಯೋಕೆ ಬಾಯಿ ತೆಗೆದೆ. ನಗು ಬಂತು. ಅದರ ಹಿಂದೆಯೇ ಅಳು. ಅವನು ಹಾಳೆ ಕಿತ್ತು, ಶಾಖ ಎಳೆಯೋ ಪೇಸ್ಟ್ ಹಚ್ಚಿ, ಮತ್ತೆ ಕೂರಿಸಿದ.

ಮಾರ್ಚ್ ೧೩, ಬೆಳಿಗ್ಗೆ

ಓಡ್ತಿದೆ! ಮಲಗೋ ಕೋಣೆ ಆಯ್ತು. ಬಾಲ್ಕನಿ ಆಯ್ತು. ಇವರು ಕೂಡ ಆಫೀಸಿಗೆ ಹೊರಟವರು ಚಪ್ಪಲಿ ಹಾಕಿಕೊಂಡೇ ನಿಂತಿದ್ದಾರೆ. ಮೈದುನ ಬಂದ, ಮೆಷಿನ್ ಹೊತ್ತುಕೊಂಡು. "ಇದೇನಿದು, ಇದ್ದಕ್ಕಿದ್ದ ಹಾಗೆ ಇಷ್ಟು ಜೋರು?" ತಮ್ಮ ನೆಲ ನೋಡಿದ. ನಾನು ಸೀಲಿಂಗ್ ನೋಡಿದೆ.

ಕೊನೇ ಚಿತ್ರ. ಚೌಕ ಚೌಕವಾಗಿ ಮೂಡ್ತಿದೆ. ನನ್ನ ಹೆಸರಿನ ಮೊದಲಕ್ಷರ ಬಂತು. ಎರಡನೆಯದು... ಯಾರೂ ಮೇಜು ಅಲ್ಲಾಡಿಸಬೇಡಿ ಅಂತ ಕೂಗಿದೆ. ಯಾರೂ ಅಲ್ಲಾಡಿಸ್ತಿರಲಿಲ್ಲ.

ಪೂರ್ತಿ ಬಂತು.

ಮಾರ್ಚ್ ೧೩, ಸಂಜೆ

ಬಿಲ್ಡರ್ ಮೆಸೇಜು: "ಚೆನ್ನಾಗಿದೆ ಮೇಡಂ. ಎರಡನೇ ಬ್ಲಾಕೂ ನೀವೇ ಮಾಡಿ." ನಾಲ್ಕು ಸಲ ಓದಿದೆ.

ಇಬ್ಬರನ್ನೂ ಕರೆದೆ. ಯಾವುದಾದರೂ ಒಂದನ್ನ ಅಂಗಡಿಗೆ ಕೊಟ್ಟು ಬನ್ನಿ, ನನಗೆ ಕೆಲಸ ಇದೆ ಅಂದೆ. ತಮ್ಮ ಗಂಟಲು ಸರಿಮಾಡಿಕೊಂಡ. ಏನನ್ನಿಸ್ತೋ, ತಾನೇ ಹೇಳಿಬಿಟ್ಟ — "ನಂದು ಸೋತಿದ್ದು ಲೆಕ್ಕಕ್ಕಿಲ್ಲ ಕಣೋ. ಕೂಲರ್ ಕೆಳಗಿನ ಪ್ಲಾಸ್ಟಿಕ್ ತೆಗೆಯೋಕೆ ಮರ್ತಿದ್ದೆ."

ಬಿದ್ದು ಬಿದ್ದು ನಗ್ತಾನೆ ಅಂದುಕೊಂಡೆ. ಮೈದುನ ನಗಲಿಲ್ಲ. ತನ್ನ ಮೆಷಿನ್ ಕಡೆ ತಿರುಗಿ ನೋಡಿದ.

"ಪ್ಲಾಸ್ಟಿಕ್ಕಾ? ಅದನ್ನ... ತೆಗೀಬೇಕಿತ್ತಾ?"

ಈಗ ಇಬ್ಬರೂ ಸ್ಕ್ರೂಡ್ರೈವರ್ ಹುಡುಕ್ತಿದ್ದಾರೆ. "ಅತ್ತಿಗೆ, ಹಾಗಾದ್ರೆ ಎಲ್ಲಾ ಟೆಸ್ಟೂ ಮೊದಲಿಂದ —" ಸ್ಕ್ರೂಡ್ರೈವರ್ ನನ್ನ ದಿಂಬಿನ ಕೆಳಗಿದೆ. ಕೊಡಲ್ಲ. ಹೆಜ್ಜೆ ಸದ್ದು ಈ ಕಡೆಗೇ ಬರ್ತಿದೆ, ತಮ್ಮ "ಅಕ್ಕಾ" ಅಂತಾನೆ, ಇವನು "ಅತ್ತಿಗೆ" ಅಂತಾನೆ, ನಾನು ಬಾಗಿಲಿಗೆ ಚಿಲಕ ಹಾಕಿ ಬರ್ತೀನಿ —