ಪಾಯಸ ಬೇಡವೆಂದವರ ಸಹಿ

ವಿಲೆಟನ್, ಪರ್ತ್
16 ನವೆಂಬರ್ 2014

ಪ್ರೀತಿಯ ಶಶಾಂಕಣ್ಣಾ,

ಬ್ರಿಸ್ಬೇನಿನ ಸೆಕೆಗೆ ನಿನ್ನ ತಲೆನೋವು ಮತ್ತೆ ಶುರುವಾಯಿತೆ? ಅತ್ತಿಗೆಯ ಕೆಮ್ಮು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಕಳೆದ ವಾರ ಅಡಿಲೇಡಿಗೆ ಹೋಗಿದ್ದೆ. ಭಾರತಕ್ಕೆ ಯುರೇನಿಯಂ ಮಾರುವ ಬಗ್ಗೆ ಅಲ್ಲೊಂದು ಸಾರ್ವಜನಿಕ ಸಭೆಯಿತ್ತು. ಮರುಭೂಮಿಯ ಕಡೆಯ ಮೂಲನಿವಾಸಿ ಅಜ್ಜಿಯೊಬ್ಬರು ಮೊದಲು ಮಾತಾಡಿದರು. ಅವರು ಮಗುವಾಗಿದ್ದಾಗ ಬ್ರಿಟಿಷರು ಅಲ್ಲಿ ಅಣುಬಾಂಬು ಪರೀಕ್ಷಿಸಿದರಂತೆ. ಕಪ್ಪು ಮಂಜು ಬಂದು ಅವರ ಬಿಡಾರದ ಮೇಲೆ ಕೂತಿತಂತೆ. “ನಮ್ಮನ್ನು ಯಾರೂ ಕೇಳಲಿಲ್ಲ” ಎಂದಷ್ಟೇ ಹೇಳಿ ಕುಳಿತರು. ಆಮೇಲೆ ಎದ್ದವನು ನಿನ್ನ ಕಂಪನಿಯವನು. ಗಣಿ ಕಂಪನಿಗಳಿಗೆ ಜನರ ಅಭಿಪ್ರಾಯ ಕಟ್ಟಿಕೊಡುವುದೇ ನಿಮ್ಮ ಕಸುಬು ಎಂದು ನೀನೇ ನಗುತ್ತ ಹೇಳಿದ್ದೆಯಲ್ಲ. “ಇಲ್ಲಿನ ಭಾರತೀಯರನ್ನು ನಾವು ಕೇಳಿದ್ದೇವೆ, ಮಾರಾಟ ಬೇಕೆಂದಿದ್ದಾರೆ” ಎಂದು ಪರದೆಯ ಮೇಲೆ ಸಹಿಪಟ್ಟಿ ತೋರಿಸಿದ. ಮೊದಲ ಸಹಿ ನನ್ನದು.

ಇಲ್ಲಿನ ಕನ್ನಡ ಸಂಘದ ದೀಪಾವಳಿ ಊಟಕ್ಕೆ ಬಂದಿದ್ದಾಗ ನೀನು ನನ್ನ ಕೈಗಿಟ್ಟ ಹಾಳೆಗಳವು. “ಮಾಲು, ಎಲೆ ಎಷ್ಟು ಹಾಕ್ಬೇಕು ಗೊತ್ತಾಗ್ಬೇಕಲ್ಲ, ಎಲ್ರ ಹತ್ರ ಸೈನ್ ಮಾಡಿಸ್ಬಿಡೆ” ಎಂದಿದ್ದೆ. ನಮ್ಮಲ್ಲಿ ಸಹಿ ಹಾಕದೆ ಯಾರು ತಾನೇ ಪಂಕ್ತಿಗೆ ಕೂತಿದ್ದಾರೆ? ಅರವತ್ತೊಂದು ಜನ ಹಾಕಿದರು. ಹಾಳೆಯ ತಲೆಯಲ್ಲಿ ಇಂಗ್ಲಿಷಿನ ಎರಡು ಸಣ್ಣ ಸಾಲುಗಳಿದ್ದವು. ರಸ್ತೆಯಲ್ಲಿ ಸಿಕ್ಕ ಕರಪತ್ರವನ್ನೂ ಕೊನೆಯ ಅಕ್ಷರದವರೆಗೆ ಓದುವ ನಾನು, ನೀನು ಕೊಟ್ಟದ್ದೆಂದು ಅದೊಂದನ್ನು ಓದಲಿಲ್ಲ.

ಮಗನ ಮನೆಗೆಂದು ಬಂದಿರುವ ಕೆಂಪಮ್ಮಜ್ಜಿ ತಮ್ಮ ಹೆಸರಿನ ಮುಂದೆ ಕನ್ನಡದಲ್ಲಿ ಏನೋ ಬರೆದಿದ್ದರು. ಸಭೆಯಲ್ಲಿ ನಿನ್ನ ಕಂಪನಿಯವನು ಅದನ್ನೇ ದೊಡ್ಡದು ಮಾಡಿ ತೋರಿಸಿ, ಹಿರಿಯರೊಬ್ಬರು ತಮ್ಮ ಭಾಷೆಯಲ್ಲೇ ಹರಸಿದ್ದಾರೆ ಎಂದ. ಚಪ್ಪಾಳೆ ಬಿತ್ತು. ಅಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. “ಸಕ್ಕರೆ ಕಾಯಿಲೆ ಐತೆ, ಪಾಯಸ ಬ್ಯಾಡ” ಎಂದಿತ್ತು, ಅಣ್ಣಾ. ಎದ್ದು ಹೇಳಬೇಕಿತ್ತು. ನಿನ್ನ ಹೆಸರು ಹೊರಬರುತ್ತದೆಂದು ಬಾಯಿ ಮುಚ್ಚಿ ಕುಳಿತೆ. ಬಾಗಿಲಲ್ಲಿ ಆ ಮರುಭೂಮಿಯ ಅಜ್ಜಿ ನನ್ನ ಕೈ ಹಿಡಿದು, “ನಿಮ್ಮವರೂ ಒಪ್ಪಿಬಿಟ್ಟರಲ್ಲ ಮಗಳೇ” ಎಂದರು.

“ದೇಶಕ್ಕೆ ಕರೆಂಟ್ ಬೇಡ್ವೇನೆ?” ಎನ್ನುತ್ತೀಯ, ಗೊತ್ತು. ಅದನ್ನೇ ಸಹಿ ಹಾಕಿದವರನ್ನು ಕೇಳಬಹುದಿತ್ತು. ಅರ್ಧ ಜನ ಹೂಂ ಎನ್ನುತ್ತಿದ್ದರೋ ಏನೋ. ನೀನು ಕೇಳಲಿಲ್ಲ.

ತಲೆಗೆ ಎಣ್ಣೆ ಹಚ್ಚಿಕೋ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಮಾಲವಿಕಾ

ಮತ್ತೆ: ಮುಂದಿನ ಭಾನುವಾರ ಸಂಘದ ಊಟವಿದೆ. ಎಲೆ ಹಾಕುವ ಮುಂಚೆ ಎದ್ದುನಿಂತು ಎಲ್ಲ ಹೇಳುತ್ತೇನೆ. ಹಾಳೆ ಕೊಟ್ಟವರು ಯಾರೆಂದು ಕೆಂಪಮ್ಮಜ್ಜಿ ಕೇಳಿಯೇ ಕೇಳುತ್ತಾರೆ. ಶನಿವಾರದ ವಿಮಾನಕ್ಕೆ ಬಾ. ಅದನ್ನು ನೀನೇ ಹೇಳು; ನಾನು ಪಕ್ಕದಲ್ಲಿ ನಿಂತಿರುತ್ತೇನೆ.