ಸೆರಗಿನೊಳಗಿನ ಕೈ

೬ ಜನವರಿ

ಎಂಟನೆಯ ಇಂಜೆಕ್ಷನ್. ಸೊಸೆ ಸುವರ್ಣಾ ತೊಡೆಗೆ ಚುಚ್ಚಿದಳು. ಕಣ್ಣೊಳಗಿನ ಉರಿಯೂತಕ್ಕೆ ಹದಿನೈದು ದಿನಕ್ಕೊಂದು. ಅಂಗಳದಿಂದಲೇ ಕುಂದಗೋಳ ಬಸ್ಸಿನ ಬೋರ್ಡು ಓದಿದೆ. ಹೋದ ವರ್ಷ ಬಸ್ಸೇ ಕಾಣುತ್ತಿರಲಿಲ್ಲ.

ಅಂಗೈಯಲ್ಲಿ ಮಾತ್ರ ಕೀವುಗುಳ್ಳೆ. ಸುಲಿಯುತ್ತಿದೆ. ಸುವರ್ಣಾ ತಂದ ಹೊಸ ಸೋಪಿನ ಪುಡಿಯದೇ ಕೆಲಸ. ಬೈದೆ.

"ನಾನೂ ಅದ ಪುಡೀಲೆ ಒಗೀತೀನಲ್ರಿ ಅತ್ತಿ, ನನಗೇನೂ ಆಗಿಲ್ಲ."

"ನಿಂದು ಎಮ್ಮಿ ಚರ್ಮ."

೧೪ ಜನವರಿ

ಸಂಕ್ರಾಂತಿ. ಸಜ್ಜಿ ರೊಟ್ಟಿ ಬಡಿಯಲು ಕೂತೆ. ಎರಡನೆಯದಕ್ಕೇ ಅಂಗೈ ಸೀಳಿ ಹಿಟ್ಟು ಕೆಂಪಾಯಿತು. ಯಾರೂ ನೋಡದಂತೆ ಒಲೆಗೆ ಹಾಕಿದೆ. ತೋಳು ನೋವು ಎಂದು ಎದ್ದೆ. ಈ ಮನೆಗೆ ಬಂದ ಮೂವತ್ತೊಂಬತ್ತು ವರ್ಷದಲ್ಲಿ ರೊಟ್ಟಿ ಬಿಟ್ಟು ಎದ್ದದ್ದು ಇದೇ ಮೊದಲ ಸಲ...

೨೦ ಜನವರಿ

ಒಂಬತ್ತನೆಯದು. ಡಬ್ಬಿಯೊಳಗಿನ ಚೀಟಿ ಬಿಡಿಸಿದೆ. ಸಣ್ಣ ಇಂಗ್ಲಿಷ್. ಎಸ್ಸೆಸ್ಸೆಲ್ಸಿ ಓದಿದವಳು, 'ಸ್ಕಿನ್' ಎಂಬುದಾದರೂ ತಿಳಿಯುತ್ತದೆ. ನಾಲ್ಕು ಕಡೆ ಇತ್ತು. ಮಡಚಿಟ್ಟೆ. ಹೇಳಿದರೆ ಇಂಜೆಕ್ಷನ್ ನಿಲ್ಲಿಸುತ್ತಾರೆ. ಮತ್ತೆ ಗೋಡೆ ಹಿಡಿದು ನಡೆಯುವುದು ನನ್ನಿಂದಾಗದು.

ಸಂಜೆ ಪುಡಿಯ ನೆಪದಲ್ಲಿ ಸುವರ್ಣಾಳಿಗೆ ಇನ್ನೊಮ್ಮೆ ಬೈದೆ.

೩ ಫೆಬ್ರವರಿ

ಹುಬ್ಬಳ್ಳಿ, ಕಣ್ಣಿನ ಡಾಕ್ಟರು. ಕೈ ಸೆರಗಿನೊಳಗೆ.

"ಕಣ್ಣು ಅಗದಿ ಚಲೋ ಅದಾವ ದೇವಕ್ಕ. ಮತ್ತೇನರ ತ್ರಾಸ?"

"ಏನಿಲ್ರಿ."

ಸುವರ್ಣಾ ನನ್ನ ಕೈ ಎಳೆದು ಮೇಜಿನ ಮೇಲಿಟ್ಟಳು. "ಇದನ್ನ ನೋಡ್ರಿ ಸರ. ಇವ್ರು ಸಾಯೂತನಕ ಹೇಳಂಗಿಲ್ಲ."

ಪಾದವನ್ನೂ ನೋಡಿದರು. ಸೋಪಿನದಲ್ಲ, ಇಂಜೆಕ್ಷನ್ನಿನದೇ. ರೋಗ ತಡೆಯಬೇಕಾದ ಮೈಯ ಕಾವಲು ನಮ್ಮ ಮೇಲೆಯೇ ತಿರುಗಿ ಕಣ್ಣು ಕೆಡಿಸಿತ್ತಂತೆ. ಅದನ್ನು ತಡೆಯುವ ಔಷಧವೇ ಕೆಲವರಿಗೆ ಚರ್ಮದ ಮೇಲೆ ಇಂಥ ಗುಳ್ಳೆ ಏಳಿಸುತ್ತದಂತೆ. ಸದ್ಯ ಇಂಜೆಕ್ಷನ್ ಬಂದ್, ಮುಲಾಮು. ಕಣ್ಣು ಕೆಂಪಾದರೆ ಅದೇ ದಿನ ಬರಬೇಕು — ಬೇರೆ ಔಷಧ ಇದೆ. ತಡವಾದರೆ ಹೋದ ದೃಷ್ಟಿ ಬರುವ ಭರವಸೆ ಇಲ್ಲ.

ಬಸ್ಸಿನಲ್ಲಿ ಕೈ ಮತ್ತೆ ಸೆರಗಿನೊಳಗೆ ಎಳೆದುಕೊಂಡೆ.

೧೧ ಫೆಬ್ರವರಿ

ಎರಡು ಹೊತ್ತೂ ಅವಳೇ ಮುಲಾಮು ಹಚ್ಚುತ್ತಾಳೆ. ಪುಡಿಯದಲ್ಲವೆಂದು ಗೊತ್ತಿದ್ದೂ ಬೈದೆ ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು — "ಸಾವಕಾಶ ಹಚ್ಚ ಬೇ."

"ಎಮ್ಮಿ ಚರ್ಮದ ಕೈ ನೋಡ್ರಿ, ಹಿಂಗ ಹಚ್ಚೂದು."

೧೨ ಮಾರ್ಚ್, ಮಧ್ಯಾಹ್ನ

ಅಂಗೈ ಒಣಗಿದೆ. ಎಡಗಣ್ಣು ಕೆಂಪು. ಬೆಳಕು ಚುಚ್ಚುತ್ತಿದೆ. ಇವತ್ತಿನದಲ್ಲ. ತಾನೇ ಹೋದೀತು ಎಂದು ಸುಮ್ಮನಿದ್ದೆ. ಸಾಕಾಗಿದೆ — ಬಸ್ಸು, ಆಸ್ಪತ್ರೆಯ ಬೆಂಚು, ಸೂಜಿ.

ಕರೆದೆ. ಕೈ ಒರೆಸುತ್ತ ಬಂದಳು, ಮುಖ ನೋಡಿ ನಿಂತಳು.

"ಯಾವಾಗಿಂದ್ರಿ?"

ಇವತ್ತು ಮುಂಜಾನೆಯಿಂದ ಎನ್ನಲು ಬಾಯಿ ತೆರೆದೆ.

"ಮೂರು ದಿನಾ ಆತು."

ಬೈಯಲಿಲ್ಲ. ಒಳಗೆ ಚೀಲ ತುಂಬುತ್ತಿದ್ದಾಳೆ. "ಬರಿಯೂದು ಬಿಡ್ರಿ ಅತ್ತಿ, ಏಳ್ರಿ" ಎನ್ನುತ್ತಿದ್ದಾಳೆ. ಬಲಗಣ್ಣೊಂದರಲ್ಲೇ ನೋಡಿ ಬರೆದ ಈ ಸಾಲು —