ಅರ್ಧ ಡಿಗ್ರಿ ನನಗೆ ಬೇಡ

ಮನೆಯಿಂದ, ಭಾನುವಾರ, ಮಾರ್ಚ್ ೧೪

ಪ್ರೀತಿಯ ಯಜಮಾನರಿಗೆ,

ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಗುಳ್ಳೆ ಒಡೆಯಬೇಡಿ. ನೀರು ಹೆಚ್ಚು ಕುಡಿಯಿರಿ. ನಿಮ್ಮ ಕಾಗದ ಸ್ವಲ್ಪ ತಡವಾದರೂ ನನ್ನ ತಲೆಯಲ್ಲಿ ಹಡಗು ಮುಳುಗಿಯೇ ಹೋಗಿರುತ್ತದೆ. ಅತ್ತೆ ಚೆನ್ನಾಗಿದ್ದಾರೆ. ಮಗಳ ಮುಂದಿನ ಹಲ್ಲು ಬಿತ್ತು, ನುಂಗಿಬಿಟ್ಟಳೇನೋ ಎಂದು ಹಾಸಿಗೆಯನ್ನೆಲ್ಲ ಕೊಡವಿದೆ. ಅವಳ ಮುಷ್ಟಿಯಲ್ಲೇ ಇತ್ತು.

ನೀವು ಬರೆದದ್ದು ಓದಿದೆ. ನನ್ನ ಜೋಡಿ ಡಿಗ್ರಿಯಲ್ಲಿ ನರ್ಸಿಂಗ್ ಮಾತ್ರ ಇಟ್ಟುಕೊಂಡು ಹೆರಿಗೆ ಮಾಡಿಸುವ ಓದನ್ನು ಬಿಟ್ಟರೆ ಒಂದು ವರ್ಷ ಬೇಗ ಮುಗಿಯುತ್ತದೆ, ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು ಎಂದಿದ್ದೀರಿ. "ನೆರಳಿಗೂ ಹೆದರೋಳು ನೀನು, ನಿಂಗ್ಯಾಕೆ ಹೆರಿಗೆ ಕೋಣೆ" ಅಂತಲೂ. ಸುಳ್ಳಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮಗಳನ್ನು ಮಡಿಲಲ್ಲಿಟ್ಟುಕೊಂಡು ಮಿಕ್ಕಿದ್ದನ್ನು ಓದಿದವಳಿಗೆ ಪುಸ್ತಕ ತೆರೆದರೆ ಈಗಲೂ ಎದೆ ಡವಡವ ಎನ್ನುತ್ತದೆ. ಆದರೂ ಬಿಡುವುದಿಲ್ಲ.

ಕಳೆದ ವಾರ ಹೆರಿಗೆ ಕೋಣೆಯಲ್ಲಿ ಒಬ್ಬ ಚೊಚ್ಚಲ ಬಸುರಿಯ ಜೊತೆಗಿದ್ದೆ. ದಿಂಬು ಸರಿಮಾಡಿದೆ, ನೀರು ಕೊಟ್ಟೆ, ಬೆನ್ನು ಉಜ್ಜಿದೆ, ಆರಾಮಾಗಿದ್ದೀರಾ ಎಂದು ಕೇಳಿದ್ದನ್ನೇ ಕೇಳಿದೆ. ಕೊನೆಗೆ ಅವಳೇ, "ನೀನು ಸ್ವಲ್ಪ ಕೂತ್ಕೋಮ್ಮಾ, ಹೆರ್ತಿರೋಳು ನಾನು" ಅಂದಳು. ನಮಗೆ ಕಲಿಸುವ ಹಿರಿಯ ಸಿಸ್ಟರ್ ನಕ್ಕು ಸ್ಟೂಲು ತಳ್ಳಿದರು: "ವಾರ್ಡಲ್ಲಿ ಕೈ ಆಡಿಸ್ತಾನೇ ಇರ್ಬೇಕು. ಇಲ್ಲಿ ಕೈ ಕಟ್ಕೊಂಡು ಕೂರೋದೂ ಕೆಲಸಾನೇ." ಕೂತೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟಿರಲಿಲ್ಲ. ನಾನು ಸುಮ್ಮನಾದ ಮೇಲೆ ಅವಳ ಉಸಿರಿನ ಏರಿಳಿತ ಕೇಳಿಸಿತು. ನೋವಿನ ದನಿ ಬದಲಾದದ್ದು ತಿಳಿಯಿತು. ಸಿಸ್ಟರನ್ನು ಕರೆದೆ. ಸ್ವಲ್ಪ ಹೊತ್ತಿಗೆ ಮಗುವಿನ ತಲೆ ನನ್ನ ಅಂಗೈಗೆ ಬಂತು, ಅವರ ಕೈ ನನ್ನ ಕೈಯ ಮೇಲೆ. ಆಗ ನಾನು ನಡುಗಲಿಲ್ಲ. ಆಮೇಲೆ ಬಾತ್‌ರೂಮಿಗೆ ಹೋಗಿ ಚೆನ್ನಾಗಿ ನಡುಗಿದೆ, ಅದು ಬೇರೆ.

ಹೆದರಿಕೆ ಹೋಗಲೆಂದು ಕಾದಿದ್ದರೆ ನಾನು ಎಂಟನೇ ಕ್ಲಾಸನ್ನೂ ದಾಟುತ್ತಿರಲಿಲ್ಲ. ಹೆದರಿಕೊಂಡೇ ಓದುತ್ತೇನೆ, ಎರಡನ್ನೂ ಓದುತ್ತೇನೆ. ಕೋಪ ಮಾಡಿಕೊಳ್ಳುವುದಾದರೆ ಊಟವಾದ ಮೇಲೆ ಮಾಡಿಕೊಳ್ಳಿ. ಹಸಿದ ಹೊಟ್ಟೆಯಲ್ಲಿ ಬೇಡ.

ಮಗಳ ಮುತ್ತು, ಅತ್ತೆಯ ಆಶೀರ್ವಾದ, ನನ್ನ ಹಟ, ಮೂರೂ ಈ ಲಕೋಟೆಯಲ್ಲಿವೆ.

ನಿಮ್ಮವಳು

ಮರೆತಿದ್ದೆ: ಮುಂದಿನ ತಿಂಗಳು ನೀವು ರಜೆಗೆ ಬಂದಿಳಿಯುವ ವಾರವೇ, ನಾನು ಮೊದಲಿನಿಂದ ಜೊತೆಗಿದ್ದು ನೋಡಿಕೊಳ್ಳುತ್ತಿರುವ ಇನ್ನೊಬ್ಬ ಬಸುರಿಗೆ ದಿನ ತುಂಬುತ್ತದೆ. ಕರೆದ ಹೊತ್ತಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ಬಂದರಿನ ಗೇಟಿನಲ್ಲಿ ನಾನು ಕಾಣದಿದ್ದರೆ ಗಾಬರಿಯಾಗಬೇಡಿ, ಅದು ನನ್ನ ಕೆಲಸ. ಬಸ್ಸು ಹತ್ತಿ ಬನ್ನಿ. ಅಡುಗೆ ಮಾಡಿ, ನನಗೂ ಎತ್ತಿಡಿ.